ವ್ಯೂಹಪ್ರವೇಶದ ಸಮಸ್ಯೆ: ಕೌಂಟರ್-ಸ್ಟ್ರೈಕ್ ಆಟದ ಒಂದು ವಿಮರ್ಶಾತ್ಮಕ ಓದು

1

ನಮ್ಮ ಮಧ್ಯಕಾಲೀನ ಕಾವ್ಯಗಳ ಅಧ್ಯಯನದಲ್ಲಿ ಯುದ್ಧವರ್ಣನೆಯು ಬಹುಮಟ್ಟಿಗೆ ಅಲಂಕಾರದ ಭಾಗವಾಗಿಯೇ ಪರಿಗಣಿತವಾಗಿದೆ. ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದೆಂದು ಎಣಿಸಿ, ವೀರರಸಕ್ಕೆ ನಾಲ್ಕು ಪದ್ಯಗಳನ್ನು ಆಯ್ದು ತೋರಿಸಿ ಮುಂದೆ ಸಾಗುವುದು ವಾಡಿಕೆ. ಶತ್ರುವಿನ ಹಿಡಿತದಲ್ಲಿರುವ ಎಡೆಯೊಂದನ್ನು ಒಂದು ಗುಂಪು ಹೇಗೆ ಹೊಗುತ್ತದೆ, ಮೊದಲು ಹೋಗುವವನು ಯಾರು, ಅವನ ಬೆನ್ನಿಗೆ ಬರುವವನ ಹೊಣೆ ಯಾವುದು ಎಂಬ ಪ್ರಶ್ನೆಗಳನ್ನು ಕಾವ್ಯಕ್ಕೆ ಹಾಕಿದವರು ವಿರಳ. ಇವೇ ಪ್ರಶ್ನೆಗಳು ಇಂದು ಅತ್ಯಂತ ಸೂಕ್ಷ್ಮವಾಗಿ ಚರ್ಚೆಗೊಳಗಾಗುತ್ತಿರುವುದು ಸಾಹಿತ್ಯ ವಿಮರ್ಶೆಯಲ್ಲಲ್ಲ. ತಂಡಗಳಾಗಿ ಆಡುವ ಗುಂಡಿನ ಕಾಳಗದ ವಿಡಿಯೋ ಆಟಗಳಲ್ಲಿ.

ಪ್ರಸ್ತುತ ಲೇಖನದ ಉದ್ದೇಶ ಎರಡು. ಅಂಥ ಆಟಗಳಲ್ಲಿ ಪ್ರಮುಖವಾದ ಕೌಂಟರ್-ಸ್ಟ್ರೈಕ್ ಪ್ರವೇಶದ ಸಮಸ್ಯೆಯನ್ನು ಹೇಗೆ ರಚಿಸಿದೆ ಎಂಬುದನ್ನು ಒಂದು ಕೃತಿಯನ್ನು ಓದುವ ಎಚ್ಚರದಿಂದ ಪರಿಶೀಲಿಸುವುದು ಮೊದಲನೆಯದು. ಆ ಓದಿನ ಬೆಳಕಿನಲ್ಲಿ ಅಭಿಮನ್ಯುವಿನ ಚಕ್ರವ್ಯೂಹಪ್ರವೇಶದ ಪ್ರಸಂಗವನ್ನು ಮರಳಿ ನೋಡುವುದು ಎರಡನೆಯದು. ಆಟವು ಸಾಹಿತ್ಯವೇ ಎಂಬ ಆಕ್ಷೇಪ ಸಹಜ. ಆಟ ಸಾಹಿತ್ಯವಲ್ಲ. ಆದರೆ ಕಟ್ಟುಪಾಡುಗಳ ನಡುವೆ ಮನುಷ್ಯನ ಕ್ರಿಯೆಗೆ ಒಂದು ಆಕಾರ ಕೊಡುವ ಯಾವುದೇ ರಚನೆಯೂ ವಿಮರ್ಶೆಗೆ ಅರ್ಹವಾದುದು. ಬಯಲಾಟವನ್ನೂ ಯಕ್ಷಗಾನವನ್ನೂ ಪಠ್ಯವಾಗಿ ಓದಲು ಕಲಿತಿರುವ ನಮಗೆ ಈ ಹೆಜ್ಜೆ ತೀರ ಅಪರಿಚಿತವಾಗಬೇಕಾಗಿಲ್ಲ.

2

ಆಟದ ಸ್ಥೂಲ ಪರಿಚಯ ಇಲ್ಲಿ ಅಗತ್ಯ. ಕೌಂಟರ್-ಸ್ಟ್ರೈಕ್ 1999ರಲ್ಲಿ ಹಾಫ್-ಲೈಫ್ ಎಂಬ ಮತ್ತೊಂದು ಆಟದ ಮಾರ್ಪಾಟಾಗಿ ಹುಟ್ಟಿತು. ಮಿನ್ ಲೆ ಮತ್ತು ಜೆಸ್ ಕ್ಲಿಫ್ ಅದರ ಮೂಲಕರ್ತೃಗಳು. ವಾಲ್ವ್ ಸಂಸ್ಥೆ 2000ದಲ್ಲಿ ಅದನ್ನು ಸ್ವತಂತ್ರ ಆಟವಾಗಿ ಹೊರತಂದಿತು. 2012ರಲ್ಲಿ ಗ್ಲೋಬಲ್ ಅಫೆನ್ಸಿವ್ ಎಂಬ ರೂಪವೂ 2023ರಲ್ಲಿ ಕೌಂಟರ್-ಸ್ಟ್ರೈಕ್ 2 ಎಂಬ ರೂಪವೂ ಬಂದವು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ದೇಶದ ನಗರಗಳ ಸೈಬರ್ ಕೆಫೆಗಳಲ್ಲಿ ಇದರ 1.6 ಎಂಬ ಆವೃತ್ತಿ ತರುಣರ ಸಂಜೆಗಳನ್ನು ಆವರಿಸಿಕೊಂಡಿತ್ತು.

ನಿಯಮಗಳು ಸರಳ. ಐವರ ಎರಡು ತಂಡಗಳು. ನಕಾಶೆಯಲ್ಲಿ ಎ ಮತ್ತು ಬಿ ಎಂಬ ಎರಡು ನೆಲೆಗಳು. ಆಕ್ರಮಣದ ತಂಡ ಇವುಗಳಲ್ಲಿ ಒಂದನ್ನು ಹೊಕ್ಕು ಬಾಂಬನ್ನು ಇಡಬೇಕು. ಕಾವಲಿನ ತಂಡ ಅದನ್ನು ತಡೆಯಬೇಕು. ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡಿನ ಅವಧಿ. ಬಾಂಬು ಇಟ್ಟ ಮೇಲೆ 40 ಸೆಕೆಂಡು. ಸತ್ತವನು ಆ ಸುತ್ತು ಮುಗಿಯುವವರೆಗೆ ಏಳುವಂತಿಲ್ಲ. ಈ ಕೊನೆಯ ನಿಯಮವೇ ಆಟದ ಜೀವಾಳ. ಸತ್ತೊಡನೆ ಮತ್ತೆ ಹುಟ್ಟಿಬರುವ ಆಟಗಳಲ್ಲಿ ಪ್ರವೇಶವು ಸಮಸ್ಯೆಯೇ ಅಲ್ಲ. ಇಲ್ಲಿ ಅದೇ ಸಮಸ್ಯೆ.

ಎರಡು ಪಕ್ಷಗಳ ಸ್ಥಿತಿಯಲ್ಲಿರುವ ಅಸಮತೆಯನ್ನು ಗಮನಿಸಬೇಕು. ಕಾವಲುಗಾರರು ಎರಡು ನೆಲೆಗಳಿಗೆ ಹಂಚಿಹೋಗಿರುತ್ತಾರೆ; ದಾಳಿಕೋರರು ಐವರೂ ಒಂದೇ ನೆಲೆಯ ಮೇಲೆ ಬೀಳಬಲ್ಲರು. ಸಂಖ್ಯೆಯ ಬಲ ದಾಳಿಕೋರರದು. ಆದರೆ ಕಾವಲುಗಾರನು ಮರೆಯಲ್ಲಿ ನಿಂತಿದ್ದಾನೆ, ಅವನ ಗುರಿ ದಾರಿಯ ಬಾಯಿಗೆ ಕಟ್ಟಿದೆ. ದಾಳಿಕೋರನು ಮರೆಯನ್ನು ಬಿಟ್ಟು ಬಯಲಿಗೆ ಬರಲೇಬೇಕು. ಇದ್ದ ಕಡೆಯೇ ಇರುವವನಿಗೆ ನೆಲದ ಬಲ, ಬರುವವನಿಗೆ ಜನದ ಬಲ. ಪ್ರವೇಶವೆಂದರೆ ಜನದ ಬಲವನ್ನು ನೆಲದ ಬಲದ ಎದುರು ಕೆಲವೇ ಸೆಕೆಂಡುಗಳಲ್ಲಿ ಸಾರ್ಥಕವಾಗಿ ವ್ಯಯಿಸುವ ಕಲೆ.

3

ಈ ಕಲೆಯ ಮೂಲಘಟಕ ಒಂದು ಮೂಲೆ. ಗೋಡೆಯ ತಿರುವಿನ ಆಚೆ ಯಾರಿದ್ದಾರೆಂದು ತಿಳಿಯದೆ ಅದನ್ನು ದಾಟುವುದು ಹೇಗೆ? ಅನುಭವಿ ಆಟಗಾರನು ತಿರುವಿಗೆ ಅಂಟಿಕೊಂಡು ಹೋಗುವುದಿಲ್ಲ. ಗೋಡೆಯಿಂದ ದೂರ ಸರಿದು, ಸ್ವಲ್ಪ ಸ್ವಲ್ಪವಾಗಿ ಬದಿಗೆ ಹೆಜ್ಜೆಯಿಡುತ್ತ, ಆಚೆಯ ನೆಲವನ್ನು ತುಂಡುತುಂಡಾಗಿ ಕಣ್ಣಿಗೆ ತಂದುಕೊಳ್ಳುತ್ತಾನೆ. ಮೂಲೆಯಿಂದ ದೂರವಿರುವವನಿಗೆ ಮೂಲೆಯ ಹತ್ತಿರವಿರುವವನ ಭುಜ ಮೊದಲು ಕಾಣುತ್ತದೆ ಎಂಬುದು ರೇಖಾಗಣಿತದ ಸತ್ಯ. ಹಾಗೆ ಮಾಡುವಾಗ ಒಂದು ಸಲಕ್ಕೆ ಒಂದೇ ಅಡಗುದಾಣಕ್ಕೆ ತನ್ನನ್ನು ಒಡ್ಡಿಕೊಳ್ಳುತ್ತಾನೆ. ಇಬ್ಬರಿಗೆ ಒಮ್ಮೆಲೇ ಕಾಣಿಸಿಕೊಳ್ಳುವುದು ಪ್ರವೇಶದ ಮೊದಲ ದೋಷ.

ಓಡಿದರೆ ಹೆಜ್ಜೆಯ ಸದ್ದು ಕೇಳಿಸುತ್ತದೆ. ನಿಧಾನವಾಗಿ ನಡೆದರೆ ಕೇಳಿಸುವುದಿಲ್ಲ. ಆದರೆ ನಿಧಾನಕ್ಕೆ ಗಡಿಯಾರ ಎದುರಾಳಿ. ಚಲಿಸುತ್ತ ಹೊಡೆದ ಗುಂಡು ಗುರಿ ತಪ್ಪುತ್ತದೆ. ಹೊಡೆಯಲು ನಿಲ್ಲಬೇಕು, ಬದುಕಲು ಚಲಿಸಬೇಕು. ಜಾಲದ ಮೂಲಕ ಆಡುವ ಆಟಗಳಲ್ಲಿ ಮತ್ತೊಂದು ವಿಶೇಷವುಂಟು. ಚಲಿಸುವವನ ಸ್ಥಾನದ ಸುದ್ದಿ ಕಾಯುತ್ತಿರುವವನ ಪರದೆಗೆ ತುಸು ತಡವಾಗಿ ತಲುಪುವುದರಿಂದ, ಹಠಾತ್ತನೆ ಹೊರಬಂದವನು ತಾನು ಕಾಣಿಸಿಕೊಳ್ಳುವುದಕ್ಕಿಂತ ಕ್ಷಣಾಂಶ ಮೊದಲೇ ಎದುರಾಳಿಯನ್ನು ಕಂಡಿರುತ್ತಾನೆ. ಹೀಗಾಗಿ ಅಂಜಿ ನಿಂತವನಿಗಿಂತ ನಿರ್ಧರಿಸಿ ನುಗ್ಗಿದವನೇ ಕೆಲವೊಮ್ಮೆ ಹೆಚ್ಚು ಸುರಕ್ಷಿತ. ಎಚ್ಚರ ಮತ್ತು ಸಾಹಸ ಪರಸ್ಪರ ವಿರುದ್ಧ ಗುಣಗಳೆಂಬ ನಮ್ಮ ಸಾಮಾನ್ಯ ಗ್ರಹಿಕೆಯನ್ನು ಆಟ ಇಲ್ಲಿ ಮುರಿಯುತ್ತದೆ. ಅನುಮಾನಿಸುತ್ತ ಅರ್ಧ ಹೊರಬಂದು ಅರ್ಧ ಹಿಂಜರಿಯುವವನೇ ಅತ್ಯಂತ ಸುಲಭದ ಗುರಿ.

4

ಒಬ್ಬನ ಜಾಣ್ಮೆ ಇಲ್ಲಿಗೆ ಮುಗಿಯುತ್ತದೆ. ತಂಡದ ಜಾಣ್ಮೆ ಇಲ್ಲಿಂದ ಆರಂಭವಾಗುತ್ತದೆ. ಡೇವ್ ಜಾನ್‌ಸ್ಟನ್ 2001ರಲ್ಲಿ ರಚಿಸಿದ ಡಸ್ಟ್ 2 ಎಂಬ ನಕಾಶೆಯ ಬಿ ನೆಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಾಳಿಕೋರರು ಕತ್ತಲೆಯ ಸುರಂಗವೊಂದರಿಂದ ಇಕ್ಕಟ್ಟಾದ ಬಾಯಿಯ ಮೂಲಕ ಬೆಳಕಿನ ಅಂಗಳಕ್ಕೆ ಬರಬೇಕು. ಬಾಯಿಯ ಪಕ್ಕದಲ್ಲೇ ಕಾರಿನ ಮರೆ, ಎದುರಿನ ಹಿಂಬದಿಯಲ್ಲಿ ಎತ್ತರದ ಜಗಲಿ, ಆಚೆ ಬದಿಯಲ್ಲಿ ಒಂದು ಕಿಟಕಿ ಮತ್ತು ಒಂದು ಬಾಗಿಲು. ಕಿಟಕಿ-ಬಾಗಿಲುಗಳಿಂದಲೇ ಕಾವಲಿನ ನೆರವಿನ ಪಡೆ ಬರುವುದು.

ಸುಸಂಘಟಿತ ತಂಡ ಇದನ್ನು ಹೊಗುವ ಕ್ರಮ ಹೀಗಿದೆ. ಮೊದಲು ಹೊಗೆಗುಂಡುಗಳನ್ನು ಎಸೆದು ಬಾಗಿಲನ್ನೂ ಕಿಟಕಿಯನ್ನೂ ಮುಚ್ಚುತ್ತಾರೆ. 20 ಸೆಕೆಂಡಿನ ಆಸುಪಾಸು ನಿಲ್ಲುವ ಆ ಹೊಗೆ ಐದಾರು ದಿಕ್ಕಿನ ಅಪಾಯವನ್ನು ಎರಡು ಮೂರಕ್ಕೆ ಇಳಿಸುತ್ತದೆ. ಯಾರಾದರೂ ಅಡಗಿರಬಹುದಾದ ಮೂಲೆಗೆ ಬೆಂಕಿಯ ಬಾಟಲಿ ಬೀಳುತ್ತದೆ; ಅಲ್ಲಿದ್ದವನು ಸುಡಬೇಕು ಇಲ್ಲವೆ ಹೊರಬರಬೇಕು. ಅನಂತರ ಕಣ್ಣು ಕುಕ್ಕುವ ಮಿಂಚುಗುಂಡು. ಇದನ್ನು ಎಸೆಯುವವನು ಮುಂದಿರುವವನಲ್ಲ, ಅವನ ಹಿಂದಿರುವವನು. ಗುಂಡು ಮುಂದಿನವನ ತಲೆಯ ಮೇಲಿಂದ ಹಾರಿ ಅಂಗಳದಲ್ಲಿ ಸಿಡಿಯುವ ಕ್ಷಣಕ್ಕೆ ಸರಿಯಾಗಿ ಅವನು ನುಗ್ಗಬೇಕು. ಒಂದು ಕ್ಷಣ ಮೊದಲಾದರೆ ತನ್ನವರ ಬೆಳಕಿಗೆ ತಾನೇ ಕುರುಡನಾಗುತ್ತಾನೆ. ಒಂದು ಕ್ಷಣ ತಡವಾದರೆ ಎದುರಾಳಿಯ ಕಣ್ಣು ಮರಳಿರುತ್ತದೆ.

ಮೊದಲು ನುಗ್ಗಿದವನು ಹತ್ತಿರದ ಮೂಲೆಯನ್ನು ನೋಡುತ್ತಾನೆ. ಎರಡನೆಯವನು ಅದೇ ಮೂಲೆಯನ್ನು ನೋಡುವುದಿಲ್ಲ. ಅವನ ಕಣ್ಣು ಜಗಲಿಯ ಮೇಲೆ. ಮೂರನೆಯವನು ಮತ್ತೊಂದು ದಿಕ್ಕಿಗೆ. ಮೊದಲಿನವನು ಬಿದ್ದರೆ, ಅವನನ್ನು ಬೀಳಿಸಿದವನು ಎಲ್ಲಿದ್ದಾನೆಂಬುದು ಆ ಗುಂಡಿನಿಂದಲೇ ಬಯಲಾಗುತ್ತದೆ. ಎರಡನೆಯವನು ಆ ಕ್ಷಣದಲ್ಲೇ ಅವನನ್ನು ಹೊಡೆಯಬೇಕು. ಆಟಗಾರರ ಪರಿಭಾಷೆಯಲ್ಲಿ ಇದು ‘ಟ್ರೇಡ್’, ಅಂದರೆ ವಿನಿಮಯ. ಇಬ್ಬರ ನಡುವಿನ ಅಂತರ ತುಸು ಹೆಚ್ಚಾದರೂ ವಿನಿಮಯ ಸಾಧ್ಯವಿಲ್ಲ. ಕೊಂದವನು ಮರೆಗೆ ಸರಿದು ಎರಡನೆಯವನನ್ನೂ ಒಬ್ಬಂಟಿಯಾಗಿ ಎದುರಿಸುತ್ತಾನೆ. ಐವರ ತಂಡ ಒಬ್ಬೊಬ್ಬರಾಗಿ ಹೋದರೆ ಅದು ಐವರ ದಾಳಿಯಲ್ಲ, ಒಬ್ಬನ ಐದು ದಾಳಿಗಳು.

ಆರ್ಥಿಕ ವ್ಯವಸ್ಥೆಯೂ ಇದನ್ನೇ ಹೇಳುತ್ತದೆ. ಆಟದೊಳಗಿನ ಹಣದಲ್ಲಿ ಒಂದು ಎಕೆ-47 ಬಂದೂಕಿಗೆ 2700 ಡಾಲರ್. ಮಿಂಚುಗುಂಡಿಗೆ 200, ಹೊಗೆಗುಂಡಿಗೆ 300. ಕೊಲ್ಲುವ ಸಾಧನ ದುಬಾರಿ, ಜೊತೆಗಾರನನ್ನು ಕಾಯುವ ಸಾಧನ ಅಗ್ಗ. ಆದರೂ ಹೊಸ ಆಟಗಾರರು ಬಂದೂಕನ್ನು ಕೊಂಡು ಹೊಗೆಯನ್ನು ಮರೆಯುತ್ತಾರೆ ಎಂಬುದು ಆಟದ ಬಗೆಗಿಂತ ಹೆಚ್ಚಾಗಿ ಮನುಷ್ಯಸ್ವಭಾವದ ಬಗೆಗೆ ಹೇಳುವ ಮಾತು.

ಇದರಿಂದ ಹೊರಡುವ ತಾತ್ಪರ್ಯ ಮುಖ್ಯವಾದುದು. ವಿವಾದಿತ ನೆಲವನ್ನು ಸುರಕ್ಷಿತವಾಗಿ ಹೊಗುವುದೆಂದರೆ ಅಪಾಯವಿಲ್ಲದೆ ಹೊಗುವುದೆಂದಲ್ಲ. ಮೊದಲಿನವನ ಅಪಾಯ ಹಾಗೆಯೇ ಉಳಿದಿರುತ್ತದೆ. ಆ ಅಪಾಯ ವ್ಯರ್ಥವಾಗದಂತೆ ಹಿಂದಿನವರು ನಿಂತಿರುವುದೇ ಇಲ್ಲಿ ಸುರಕ್ಷೆ. ಸುರಕ್ಷೆಯು ವ್ಯಕ್ತಿಯ ಗುಣವಲ್ಲ. ಇಬ್ಬರ ನಡುವಿನ ಅಂತರದ ಗುಣ.

5

ಈ ಮಾತನ್ನು ಹಿಡಿದು ಚಕ್ರವ್ಯೂಹದ ಪ್ರಸಂಗಕ್ಕೆ ಬರೋಣ. ಅಭಿಮನ್ಯು ಏಕೆ ಸತ್ತ ಎಂಬ ಪ್ರಶ್ನೆಗೆ ನಮ್ಮ ಜನಪ್ರಿಯ ಪರಂಪರೆ ಕೊಡುವ ಉತ್ತರ ಪ್ರಸಿದ್ಧವಾದುದು. ಗರ್ಭದಲ್ಲಿದ್ದಾಗ ಅವನು ವ್ಯೂಹವನ್ನು ಭೇದಿಸುವ ಕ್ರಮವನ್ನು ಕೇಳಿದ. ಹೊರಬರುವ ಕ್ರಮವನ್ನು ಹೇಳುವಷ್ಟರಲ್ಲಿ ಸುಭದ್ರೆ ನಿದ್ರೆಹೋದಳು. ಅರ್ಧ ವಿದ್ಯೆಯಿಂದ ಪೂರ್ಣ ವಿನಾಶ. ಶಾಲೆಯ ಪಾಠಗಳಿಂದ ಹರಿಕಥೆಯವರೆಗೆ ಈ ನೀತಿಯೇ ಸಲ್ಲುತ್ತ ಬಂದಿದೆ. ‘ಅಭಿಮನ್ಯು ಕಾಳಗ’ವನ್ನು ನೋಡಿ ಎದ್ದುಬರುವ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದೂ ಒಬ್ಬಂಟಿ ಬಾಲಕನ ಚಿತ್ರವೇ.

ವ್ಯಾಸಭಾರತದ ದ್ರೋಣಪರ್ವದಲ್ಲಿ ಸಂಗತಿ ಬೇರೆಯಾಗಿದೆ. ಹದಿಮೂರನೆಯ ದಿನದ ಯುದ್ಧ. ಸಂಶಪ್ತಕರು ಅರ್ಜುನನನ್ನು ಕರೆದು ಬೇರೆಡೆಗೆ ಒಯ್ದಿದ್ದಾರೆ. ಭೇದಿಸಲು ತಂದೆ ಕಲಿಸಿದ್ದಾನೆ, ಆಪತ್ತು ಬಂದರೆ ಹೊರಬರಲಾರೆ ಎಂದು ಅಭಿಮನ್ಯು ತನ್ನ ಮಿತಿಯನ್ನು ಮುಚ್ಚಿಡದೆ ಹೇಳುತ್ತಾನೆ. ಧರ್ಮರಾಯನ ಉತ್ತರವನ್ನು ನಾವು ಸಾಮಾನ್ಯವಾಗಿ ಅವಸರದಿಂದ ದಾಟುತ್ತೇವೆ: ನೀನು ದ್ವಾರವನ್ನು ತೆರೆ, ನೀನು ಹೋದ ದಾರಿಯಲ್ಲೇ ನಾವು ಬರುತ್ತೇವೆ ಎಂಬ ಭಾವದ ಮಾತು ಅದು. ಭೀಮನೂ ಅದನ್ನೇ ಹೇಳುತ್ತಾನೆ. ಸಾರಥಿ ಸುಮಿತ್ರನ ಎಚ್ಚರಿಕೆಯನ್ನು ಬದಿಗಿಟ್ಟು ಬಾಲಕ ಹೊರಡುವುದು ಈ ಭರವಸೆಯ ಮೇಲೆ.

ಅಂದರೆ ಯೋಜನೆಯಲ್ಲಿ ಹೊರಬರುವ ವಿದ್ಯೆ ಅಭಿಮನ್ಯುವಿಗೆ ಬೇಕಾಗಿಯೇ ಇರಲಿಲ್ಲ. ಅವನದು ಬಾಗಿಲು ತೆರೆಯುವ ಕೆಲಸ. ಉಳಿದುದು ಹಿಂದೆ ಬರುವವರದು. ಅವನು ತನ್ನ ಪಾಲಿನ ಕೆಲಸವನ್ನು ಸಂಪೂರ್ಣವಾಗಿ ಮಾಡಿದ. ಸೋತದ್ದು ಮೊದಲನೆಯವನಿಗೂ ಎರಡನೆಯವನಿಗೂ ನಡುವಣ ಅಂತರ. ಆ ಅಂತರದಲ್ಲಿ ಸೈಂಧವ ಬಂದು ನಿಂತ. ಅರ್ಜುನನನ್ನುಳಿದು ಮಿಕ್ಕ ಪಾಂಡವರನ್ನು ಒಂದು ದಿನದ ಮಟ್ಟಿಗೆ ತಡೆಯುವ ವರ ಅವನಿಗಿತ್ತು. ತೆರೆದ ಬಾಗಿಲು ಮುಚ್ಚಿತು. ಒಳಗೆ ಬಿಲ್ಲನ್ನು ಕತ್ತರಿಸಿ, ಕುದುರೆಗಳನ್ನು ಕೊಂದು, ರಥವನ್ನು ಕಳೆದು ಹಲವರು ಒಬ್ಬನನ್ನು ಮುಗಿಸಿದುದು ಆ ಮುಚ್ಚಿದ ಬಾಗಿಲಿನ ಪರಿಣಾಮ ಮಾತ್ರ.

ಇದು ಆಟದ ಪರಿಭಾಷೆಯನ್ನು ಕಾವ್ಯದ ಮೇಲೆ ಹೇರಿದ ಅರ್ಥವೆಂದು ಯಾರಾದರೂ ಹೇಳಬಹುದು. ಹಾಗಲ್ಲವೆಂಬುದಕ್ಕೆ ಕಾವ್ಯದಲ್ಲೇ ಬಲವಾದ ಆಧಾರವಿದೆ. ಮಗನ ಸಾವಿನ ಸುದ್ದಿ ಕೇಳಿದ ಅರ್ಜುನ ಮರುದಿನ ಸೂರ್ಯ ಮುಳುಗುವ ಮುನ್ನ ಕೊಲ್ಲುವೆನೆಂದು ಪ್ರತಿಜ್ಞೆ ಮಾಡಿದ್ದು ಯಾರನ್ನು? ಗದೆಯಿಂದ ಹೊಡೆದು ಕೊಂದ ದುಶ್ಶಾಸನನ ಮಗನನ್ನಲ್ಲ. ಬಿಲ್ಲನ್ನು ಕತ್ತರಿಸಿದ ಕರ್ಣನನ್ನಲ್ಲ. ವ್ಯೂಹವನ್ನು ರಚಿಸಿದ ದ್ರೋಣನನ್ನಲ್ಲ. ಬಾಗಿಲಲ್ಲಿ ನಿಂತ ಸೈಂಧವನನ್ನು. ಅರ್ಜುನನ ಕೋಪ ಅಣ್ಣತಮ್ಮಂದಿರ ಮೇಲೂ ಹರಿಯುತ್ತದೆ. ನನ್ನ ಮಗನನ್ನು ನೀವು ಕಾಯಲಾರದೆ ಹೋದಿರಿ ಎಂಬುದು ಅವನ ಆಕ್ಷೇಪದ ತಿರುಳು. ಹೊರಬರುವ ಕ್ರಮವನ್ನು ಮಗನಿಗೆ ತಾನು ಕಲಿಸಿರಲಿಲ್ಲವೆಂದು ಅವನು ನೆನೆಯುತ್ತಾನಾದರೂ ಆಕ್ಷೇಪ ಅಲ್ಲಿಗೇ ನಿಲ್ಲುವುದಿಲ್ಲ. ಯುದ್ಧವನ್ನು ಬಲ್ಲವನು ಹೊಣೆಯನ್ನು ಎಲ್ಲಿ ಇಡಬೇಕೋ ಅಲ್ಲಿಯೇ ಇಟ್ಟಿದ್ದಾನೆ. ಗರ್ಭದ ಕಥೆ ಆ ಹೊಣೆಯನ್ನು ನಿದ್ರೆಹೋದ ತಾಯಿಯ ಮೇಲೆ ಸರಿಸುತ್ತದೆ. ಹಿಂದೆ ಬರುತ್ತೇವೆಂದು ಮಾತು ಕೊಟ್ಟ ಹಿರಿಯರು ಅದರಿಂದ ಪಾರಾಗುತ್ತಾರೆ. ಈ ಸ್ಥಳಾಂತರದ ರಾಜಕೀಯವನ್ನು ನಮ್ಮ ವಿಮರ್ಶೆ ಇನ್ನೂ ಎದುರಿಸಬೇಕಾಗಿದೆ.

ಸಂಶಪ್ತಕರ ಪಾತ್ರವೂ ಈ ಓದಿನಲ್ಲಿ ಸ್ಪಷ್ಟವಾಗುತ್ತದೆ. ಒಂದು ನೆಲೆಯಲ್ಲಿ ಗದ್ದಲ ಮಾಡಿ ಎದುರಾಳಿಯ ಸಮರ್ಥನನ್ನು ಅತ್ತ ಸೆಳೆದು ಇನ್ನೊಂದು ನೆಲೆಯಲ್ಲಿ ಕಾರ್ಯ ಸಾಧಿಸುವುದು ಕೌಂಟರ್-ಸ್ಟ್ರೈಕ್‌ನ ನಿತ್ಯದ ತಂತ್ರ. ವರದ ಷರತ್ತಿನಲ್ಲಿ ಅರ್ಜುನನನ್ನು ಹೊರಗಿಟ್ಟಿರುವುದೂ ಯುದ್ಧಯೋಜನೆಯಲ್ಲಿ ಅವನನ್ನು ದೂರವಿಟ್ಟಿರುವುದೂ ಒಂದೇ ಬೀಗದ ಎರಡು ಕೀಲಿಗಳು. ವರವನ್ನು ಕೇವಲ ವಿಧಿಯೆಂದು ಓದಿದರೆ ಈ ಜೋಡಣೆ ಕೈತಪ್ಪಿಹೋಗುತ್ತದೆ.

6

ಆಟದಿಂದ ಕಾವ್ಯಕ್ಕೆ ಬೆಳಕು ಬಂದಂತೆ ಕಾವ್ಯದಿಂದ ಆಟದ ಮೇಲೂ ಒಂದು ವಿಮರ್ಶೆ ಮೂಡಬೇಕು. ‘ವಿನಿಮಯ’ ಎಂಬ ಪದವನ್ನೇ ನೋಡಿ. ಒಂದು ಜೀವಕ್ಕೆ ಒಂದು ಜೀವ ಸರಿಹೋಯಿತು ಎಂಬ ವ್ಯಾಪಾರದ ಲೆಕ್ಕ ಅದರಲ್ಲಿದೆ. ಮುಂದಿನ ಸುತ್ತಿನಲ್ಲಿ ಸತ್ತವನು ಏಳುವುದರಿಂದ ಈ ಲೆಕ್ಕ ಆಟದೊಳಗೆ ನೆಮ್ಮದಿಯಿಂದ ನಿಲ್ಲುತ್ತದೆ. ಮಹಾಭಾರತದಲ್ಲಿ ಹದಿನಾಲ್ಕನೆಯ ದಿನ ಸೈಂಧವನ ತಲೆ ಉರುಳಿತು; ಆದರೆ ಯಾವ ಲೆಕ್ಕವೂ ಸರಿಹೋಗಲಿಲ್ಲ. ಕಾವ್ಯಕ್ಕೆ ವಿನಿಮಯದಲ್ಲಿ ನಂಬಿಕೆಯಿಲ್ಲ. ಒಂದು ಪಕ್ಷವನ್ನು ‘ಭಯೋತ್ಪಾದಕ’ರೆಂದು ಹೆಸರಿಸಿ, ಅರ್ಧ ಪಂದ್ಯದ ನಂತರ ಅದೇ ಆಟಗಾರರನ್ನು ಎದುರು ಪಕ್ಷಕ್ಕೆ ದಾಟಿಸುವ ಈ ಆಟ, ಕಾರ್ಯಕ್ಕೆ ಕಾರಣವನ್ನು ಕೇಳುವುದೇ ಇಲ್ಲ. ಹೇಗೆ ಹೊಗಬೇಕೆಂದು ಅದು ಕಲಿಸುತ್ತದೆ. ಹೊಗಬೇಕೇ ಎಂಬ ಪ್ರಶ್ನೆಗೆ ಅದರಲ್ಲಿ ಎಡೆಯಿಲ್ಲ. ಇದು ಅದರ ದೊಡ್ಡ ಮಿತಿ.

ಆದರೂ ಒಂದು ವಿಷಯದಲ್ಲಿ ಆಟ ನಮ್ಮ ಮಧ್ಯಕಾಲೀನ ಸಮಾಜಕ್ಕಿಂತ ಮುಂದಿದೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ ಮೊದಲಾದ ಪದಗಳು ಸೂಚಿಸುವ ಋಣ ಆಳಿನಿಂದ ಒಡೆಯನಿಗೆ ಸಲ್ಲುವಂಥದು, ಮೇಲುಮುಖವಾದುದು. ಉಂಡ ಅನ್ನಕ್ಕೆ ಪ್ರತಿಯಾಗಿ ಪ್ರಾಣ. ಪಕ್ಕದ ಆಳಿಗೆ ಅವನು ಏನು ಸಲ್ಲಿಸಬೇಕೆಂಬುದನ್ನು ಈ ಪದಗಳು ಹೇಳುವುದಿಲ್ಲ. ಕೌಂಟರ್-ಸ್ಟ್ರೈಕ್‌ನ ಐವರಲ್ಲಿ ಆಜ್ಞೆ ಕೊಡುವ ನಾಯಕನಿದ್ದರೂ ಅವನೂ ಅದೇ ಬಾಗಿಲಿನಿಂದ ಹೋಗಬೇಕು, ಅಷ್ಟೇ ಸುಲಭವಾಗಿ ಸಾಯಬೇಕು. ಇಲ್ಲಿನ ಋಣ ಅಡ್ಡಗಲದ್ದು, ಜೊತೆಗಾರನಿಂದ ಜೊತೆಗಾರನಿಗೆ.

ದಾಖಲೆಯ ವಿಷಯದಲ್ಲಿಯೂ ಹೋಲಿಕೆ ಅರ್ಥಪೂರ್ಣ. ವೀರಗಲ್ಲು ಮುಂದೆ ನುಗ್ಗಿ ಸತ್ತವನನ್ನು ಸ್ವರ್ಗಕ್ಕೆ ಏರಿಸುತ್ತದೆ. ಅವನ ಹಿಂದೆ ಯಾರಿದ್ದರು, ಯಾರಿರಲಿಲ್ಲ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಆಟದ ಅಂಕಪಟ್ಟಿ ಇದಕ್ಕೆ ವಿಲೋಮ: ಕೊಂದವನಿಗೆ ಅಂಕ, ಮೊದಲು ನುಗ್ಗಿ ಸತ್ತವನಿಗೆ ಸಾವಿನ ಲೆಕ್ಕ. ಈ ಅನ್ಯಾಯ ಆಟದ ವ್ಯಾಖ್ಯಾನಕಾರರ ಗಮನಕ್ಕೆ ಬಂದಿದೆ. ಹೆಚ್.ಎಲ್.ಟಿ.ವಿ. ಎಂಬ ಅಂಕಿಅಂಶ ತಾಣ 2017ರಲ್ಲಿ ರೂಪಿಸಿದ ಮೌಲ್ಯಮಾಪನ ಕ್ರಮದಲ್ಲಿ, ಆಟಗಾರನು ಕೊಂದ, ನೆರವಾದ ಅಥವಾ ಬದುಕುಳಿದ ಸುತ್ತುಗಳ ಜೊತೆಗೆ, ಸತ್ತರೂ ಜೊತೆಗಾರನಿಂದ ‘ವಿನಿಮಯ’ಗೊಂಡ ಸುತ್ತುಗಳನ್ನೂ ಅವನ ಕೊಡುಗೆಯಾಗಿ ಎಣಿಸಲಾಯಿತು. ಸಾವನ್ನೂ ಸಹಕಾರವೆಂದು ಎಣಿಸಿದ ಈ ಕ್ರಮ ವಿಮರ್ಶೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ.

7

ಕೊನೆಯದಾಗಿ ಪರಿಭಾಷೆಯ ಪ್ರಶ್ನೆ. ಈ ಆಟಗಳ ಮಾತೆಲ್ಲ ಇಂಗ್ಲಿಷಿನಲ್ಲಿದೆ. ಹೊರನಾಡಿನ ಕನ್ನಡ ಮನೆಗಳ ಮಕ್ಕಳು ಆಡುವಾಗಲೂ ಬಳಸುವುದು ಅದನ್ನೇ. ಅದನ್ನು ಕಿತ್ತುಹಾಕಬೇಕೆಂಬ ಹಟ ನಮಗಿಲ್ಲ. ಆದರೆ ವಿಮರ್ಶೆ ಬರೆಯುವವನಿಗೆ ಕನ್ನಡದಲ್ಲಿ ಸಿದ್ಧವಾದ ಪದಸಂಪತ್ತುಂಟು ಎಂಬುದನ್ನು ತೋರಿಸಬಹುದು. ಮುಂದೆ ನುಗ್ಗುವ ಗುಂಪಿಗೆ ಹಳೆಯ ಕಾವ್ಯಗಳ ‘ಚೂಣಿ’, ಒಟ್ಟಾಗಿ ಮೇಲೆ ಬೀಳುವುದಕ್ಕೆ ‘ಲಗ್ಗೆ’, ಅಡಗಿ ಕಾಯುವುದಕ್ಕೆ ‘ಹೊಂಚು’. ಇವೆಲ್ಲಕ್ಕಿಂತ ಅರ್ಥವತ್ತಾದ ಪದ ನಿತ್ಯ ಬಳಕೆಯ ‘ಬೆಂಬಲ’. ಬೆನ್ನಿನ ಬಲ, ಬೆನ್ನಿಗಿರುವ ಪಡೆ. ಚುನಾವಣೆಯ ಭಾಷಣಗಳಲ್ಲಿ ಸವೆದುಹೋಗಿರುವ ಈ ಪದ ಮೂಲದಲ್ಲಿ ಯುದ್ಧಭೂಮಿಯ ಒಂದು ಸ್ಥಾನವನ್ನು ಹೇಳುತ್ತದೆ: ಬಾಯಿಮಾತಿನ ಸಮ್ಮತಿಯನ್ನಲ್ಲ, ಮುಂದಿನವನ ಬೆನ್ನ ಹಿಂದೆ ತಲುಪಬಹುದಾದ ದೂರದಲ್ಲಿ ನಿಂತಿರುವಿಕೆಯನ್ನು. ‘ಬೆಂಗಾವಲು’ ಎಂಬುದೂ ಹಾಗೆಯೇ. ಧರ್ಮರಾಯ ಅಭಿಮನ್ಯುವಿಗೆ ಕೊಟ್ಟದ್ದು ಮಾತಿನ ಬೆಂಬಲ. ನೆಲದ ಮೇಲೆ ಅದು ತಲುಪಲಿಲ್ಲ.

ಈ ದೃಷ್ಟಿಯಿಂದ ಕೈಗೊಳ್ಳಬೇಕಾದ ಕೆಲಸ ಸಾಕಷ್ಟಿದೆ. ಕುಮಾರವ್ಯಾಸನ ದ್ರೋಣಪರ್ವದಲ್ಲಿ ಸೈಂಧವನು ಅಡ್ಡಗಟ್ಟುವ ಸಂದರ್ಭವನ್ನು ಸ್ಥಾನ, ಅಂತರ ಮತ್ತು ಸರದಿಗಳ ಕ್ರಮದಲ್ಲಿ ಬಿಡಿಸಿ ನೋಡಬೇಕು. ಇಂದು ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಪಂಪ 941ರಲ್ಲಿ ಮುಗಿಸಿದ ಕಾವ್ಯದಲ್ಲಿ, ನಾಯಕನು ಇಲ್ಲದ ದಿನ ನಡೆದ ಈ ಅನಾಹುತಕ್ಕೆ ದೊರೆಯುವ ತೂಕ ಎಂಥದೆಂಬುದು ಹೈದರಾಬಾದಿನ ಸುತ್ತಮುತ್ತಲ ಸಂಶೋಧಕರಿಗೆ ವಿಶೇಷವಾಗಿ ಸಲ್ಲುವ ಪ್ರಶ್ನೆ. ದಕ್ಖನ್ನಿನ ವೀರಗಲ್ಲುಗಳ ಕೆಳಹಂತದ ಯುದ್ಧದೃಶ್ಯಗಳಲ್ಲಿ ವೀರನ ಹಿಂದೆ ಕೆತ್ತಿದ ಆಕೃತಿಗಳನ್ನು ಎಣಿಸಿ, ಅವು ಎಷ್ಟು ಹತ್ತಿರ ಅಥವಾ ದೂರ ನಿಂತಿವೆ ಎಂದು ಗುರುತಿಸುವ ಕ್ಷೇತ್ರಕಾರ್ಯವೂ ಆಗಬೇಕಾಗಿದೆ. ಮುಂದೆ ನುಗ್ಗಿದವನ ಕಥೆಯನ್ನು ನಾವು ಬಹುಕಾಲ ಓದಿದ್ದೇವೆ. ಅವನ ಹಿಂದೆ ಬರಬೇಕಾಗಿದ್ದವರ ಕಥೆಯನ್ನು ಓದುವ ಕೆಲಸ ಇನ್ನು ಆರಂಭವಾಗಬೇಕು.